ಗೌಜಲಕ್ಕಿಯ ಕಣ್ಣು

ಅಮೆರಿಕದ ಮಿಶಿಗನ್ ರಾಜ್ಯದ ನೋವೈಯ ಬಾಲಾಜಿ ದೇವಸ್ಥಾನದಲ್ಲಿ ತೀರ್ಥಕ್ಕೆ ಸಾಲುಗಟ್ಟಿ ನಿಂತವರು ನಕ್ಕರೆ, ಆ ನಗುವಿನಲ್ಲಿ ಎಲ್ಲೋ ಒಂದು ಕಡೆ ಸುಚೇತಾಳ ಕೈಕೆಲಸ ಇದ್ದೇ ಇರುತ್ತಿತ್ತು. ಯಾವ ಹಲ್ಲು ದೇವರು ಕೊಟ್ಟದ್ದು, ಯಾವುದು ಸುಚೇತಾ ಮಾಡಿದ್ದು ಎಂಬುದು ಹಲ್ಲಿನ ಒಡೆಯನಿಗೇ ಮರೆತುಹೋಗುತ್ತಿತ್ತು. ಅವಳ ಹೆಮ್ಮೆಯೆಲ್ಲ ಅದೇ. ಹನ್ನೊಂದು ವರ್ಷ ಡೆಂಟಲ್ ಲ್ಯಾಬೊಂದರಲ್ಲಿ ಕೂತು ಪಿಂಗಾಣಿಯ ಕ್ಯಾಪುಗಳಿಗೆ ಬಣ್ಣ ಕೂಡಿಸಿದವಳು ಅವಳು. ಹಲ್ಲೆಂದರೆ ಬಿಳುಪು ಎನ್ನುವವರನ್ನು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು. ಬುಡದಲ್ಲಿ ಅರಿಶಿನದ ಛಾಯೆ, ನಡುವೆ ಕೆನೆ, ತುದಿಯಲ್ಲಿ ನೀಲಿ ಬೆರೆತ ಬೂದು. ಕಾಫಿ ಕುಡಿಯುವವನದು ಒಂದು, ಎಲೆಅಡಿಕೆಯವನದು ಇನ್ನೊಂದು.

ಈ ಕಣ್ಣು ಅವಳಿಗೆ ಅಪ್ಪನಿಂದ ಬಂದದ್ದು. ಪದ್ಮನಾಭಯ್ಯನವರು ಮೈಸೂರಿನ ಶಿವರಾಂಪೇಟೆಯಲ್ಲಿ ಡಾಕ್ಟರೊಬ್ಬರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಹಲ್ಲಿನ ಸೆಟ್ ಮಾಡುತ್ತಿದ್ದರು. ಬಣ್ಣವನ್ನು ಐದು ಸೆಕೆಂಡಿಗಿಂತ ಹೆಚ್ಚು ನೋಡಬಾರದು, ನೋಡಿದರೆ ಕಣ್ಣು ಸುಳ್ಳು ಹೇಳಲು ಶುರುಮಾಡುತ್ತದೆ, ಆಗ ನೀಲಿ ಬಟ್ಟೆ ನೋಡಿ ಕಣ್ಣು ತೊಳೆದುಕೊಳ್ಳಬೇಕು ಎಂದು ಅವರೇ ಮಗಳಿಗೆ ಕಲಿಸಿದ್ದು. ಮದುವೆಯಾಗಿ ಮಿಶಿಗನ್ನಿಗೆ ಬರುವಾಗಲೂ ಅವಳ ಪೆಟ್ಟಿಗೆಯಲ್ಲಿ ಒಂದು ಗೇಣು ನೀಲಿ ಬಟ್ಟೆ ಇತ್ತು.

ಡೆಟ್ರಾಯಿಟ್ ಸುತ್ತಮುತ್ತ ಕಾರಿನ ಕಂಪನಿಗಳು ಕುಸಿಯತೊಡಗಿದಾಗ ಜನ ಮೊದಲು ಕೈಬಿಟ್ಟದ್ದು ಹಲ್ಲನ್ನು. ಮನೆ ಉಳಿಸಿಕೊಳ್ಳೋಣ, ಹಲ್ಲು ಒಂದಷ್ಟು ದಿನ ಮುಕ್ಕಾಗಿಯೇ ಇರಲಿ ಎಂದುಕೊಂಡರು. 2009ರ ಮಾರ್ಚಿನಲ್ಲಿ ಲ್ಯಾಬು ಬಾಗಿಲು ಹಾಕಿತು. ಮೇ ತಿಂಗಳಲ್ಲಿ, ಬಿಡಿಭಾಗಗಳ ಕಂಪನಿಯೊಂದರಲ್ಲಿ ಎಂಜಿನಿಯರಾಗಿದ್ದ ಗಂಡ ಮನೋಹರ್ ರಟ್ಟಿನ ಪೆಟ್ಟಿಗೆಯೊಂದನ್ನು ತಬ್ಬಿಕೊಂಡು ಬೆಳಿಗ್ಗೆ ಹನ್ನೊಂದಕ್ಕೇ ಮನೆಗೆ ಬಂದ. ಅವನ ಕೆಲಸದ ಜೊತೆ ಮನೆಯವರ ಹೆಲ್ತ್ ಇನ್ಶೂರೆನ್ಸೂ ಹೋಯಿತು. ಬೇರೆ ಮನೆಗಳಲ್ಲಿ ಅದು ಚಿಂತೆಯ ಮಾತು, ಈ ಮನೆಯಲ್ಲಿ ಪ್ರಾಣದ ಮಾತು. ಹದಿನಾಲ್ಕು ವರ್ಷದ ಮಗಳು ಮೈತ್ರೇಯಿಗೆ ಐದನೆಯ ವಯಸ್ಸಿನಿಂದ ಸಕ್ಕರೆ ಕಾಯಿಲೆ. ಇನ್ಸುಲಿನ್ ಚುಚ್ಚದೆ ಅವಳಿಗೆ ಒಂದು ದಿನವೂ ಕಳೆಯುವಂತಿಲ್ಲ. ಇಂಥ ಹುಡುಗಿಯನ್ನು ಬಿಡಿಯಾಗಿ ಯಾವ ಇನ್ಶೂರೆನ್ಸ್ ಕಂಪನಿಯೂ ಒಳಗೆ ಸೇರಿಸಿಕೊಳ್ಳುತ್ತಿರಲಿಲ್ಲ. ಅಪ್ಪನಿಗೋ ಅಮ್ಮನಿಗೋ ಕೆಲಸವಿರಬೇಕು, ಇನ್ಶೂರೆನ್ಸ್ ಆ ಕೆಲಸದ ಬಾಲ ಹಿಡಿದು ಬರಬೇಕು.

ಕೆಲಸ ಸಿಕ್ಕಿದ್ದು ಸುಚೇತಾಳಿಗೆ, ಅದೂ ಮುನ್ನೂರು ಮೈಲಿಯಾಚೆ. ಶಿಕಾಗೋ ಹತ್ತಿರದ ಲೈಲ್‌ನಲ್ಲಿ ಒಂದು ಪುಟ್ಟ ಮ್ಯೂಸಿಯಮ್ಮಿನವರು ಹಳೆಯ ನೆಲವೊಂದನ್ನು ದುರಸ್ತಿ ಮಾಡಿಸುತ್ತಿದ್ದರು. ಬಣ್ಣ ಕೂಡಿಸಬಲ್ಲ ಕೈ ಬೇಕಾಗಿತ್ತು. ಹಲ್ಲಿನ ಡಾಕ್ಟರೊಬ್ಬರು ಇವಳ ಹೆಸರು ಹೇಳಿದರು. ದುರಸ್ತಿಯ ಮುಖ್ಯಸ್ಥೆ ಐಲೀನ್, ಅರವತ್ತು ದಾಟಿದ ಹೆಂಗಸು, ಇಂಟರ್‌ವ್ಯೂನಲ್ಲಿ ಬಾಯಿ ತೆರೆದು, "ಯಾವುದು ಕ್ಯಾಪ್ ಹೇಳಿ" ಎಂದರು. ಸುಚೇತಾ ಕೂತಲ್ಲಿಂದಲೇ ಹೇಳಿದಳು. ಮೊದಲ ತೊಂಬತ್ತು ದಿನ ಪರೀಕ್ಷೆ, ಪಾಸಾದರೆ ಕೆಲಸ ಕಾಯಂ, ಅಂದಿನಿಂದಲೇ ಮನೆಯವರಿಗೆಲ್ಲ ಇನ್ಶೂರೆನ್ಸ್. ವಾರವೆಲ್ಲ ಅಲ್ಲೇ ಹತ್ತಿರದ ಪ್ಲೇನ್‌ಫೀಲ್ಡಿನ ಪರಿಚಯದ ಸರಳಾ ಆಂಟಿಯ ಮನೆಯ ಬೇಸ್‌ಮೆಂಟಿನಲ್ಲಿ ಇರುವುದು, ಶನಿವಾರ ನೋವೈಗೆ ಡ್ರೈವ್ ಮಾಡುವುದು, ಭಾನುವಾರ ಮಧ್ಯಾಹ್ನ ತಿರುಗಿ ಹೊರಡುವುದು. ತೊಂಬತ್ತನೆಯ ದಿನ ಅಕ್ಟೋಬರ್ ಹನ್ನೊಂದಕ್ಕೆ ಬೀಳುತ್ತಿತ್ತು.

ಮೊಸಾಯಿಕ್ ಎಂದರೆ ಮೈಸೂರಿನವಳಾದ ಸುಚೇತಾಳಿಗೆ ಗೊತ್ತಿದ್ದದ್ದು ಅಪ್ಪ ಸಾಲ ಮಾಡಿ ಹಾಕಿಸಿದ ಚುಕ್ಕಿಚುಕ್ಕಿಯ ನೆಲ, ಬೇಸಿಗೆಯಲ್ಲಿ ಬೆನ್ನು ಹಾಕಿ ಮಲಗಿದರೆ ತಂಪು. ಇದು ಬೇರೆಯೇ ಜಾತಿ. ಇಂದಿನ ಜೋರ್ಡಾನ್ ದೇಶದ ಒಂದು ಹಳ್ಳಿಯ ಚರ್ಚಿನ ನೆಲ, ಸಾವಿರದ ನಾನ್ನೂರು ವರ್ಷ ಹಳೆಯದು. ಕಡಲೆಕಾಳಿನಷ್ಟು ಕಲ್ಲಿನ ಚೂರುಗಳನ್ನು ಸುಣ್ಣದ ಗಾರೆಯಲ್ಲಿ ಒಂದೊಂದಾಗಿ ಕೂರಿಸಿದ್ದರು. ಎಂಬತ್ತು ವರ್ಷದ ಹಿಂದೆ ಯಾರೋ ಅದನ್ನು ಎಂಟು ತುಂಡು ಮಾಡಿ ಹಡಗಿಗೆ ಹಾಕಿದ್ದರು. ಹೂಜಿಯೊಂದರಿಂದ ಹೊರಟ ದ್ರಾಕ್ಷಿ ಬಳ್ಳಿ ನೆಲದ ತುಂಬ ಸುತ್ತಿಕೊಂಡು ಹೋಗುತ್ತಿತ್ತು, ಒಂದೊಂದು ಸುತ್ತಿನೊಳಗೆ ಒಂದೊಂದು ನವಿಲು, ಮೊಲ, ದಾಳಿಂಬೆ, ಗೌಜಲಕ್ಕಿ, ಅಂಚಿನಲ್ಲಿ ಮೀನು.

"ಚರ್ಚು ಅಂತೀರಿ, ದೇವರೇ ಕಾಣಲ್ವಲ್ಲ?" ಎಂದು ಅವಳು ಮೊದಲ ವಾರವೇ ಕೇಳಿದ್ದಳು.

ಐಲೀನರಿಗೆ ಆ ಪ್ರಶ್ನೆ ಹಿಡಿಸಿತು. ಜನ ತುಳಿಯುವ ಜಾಗದಲ್ಲಿ ಶಿಲುಬೆ ಬಿಡಿಸಬಾರದೆಂದು ಹಿಂದೊಬ್ಬ ಚಕ್ರವರ್ತಿ ಅಪ್ಪಣೆ ಹೊರಡಿಸಿದ್ದನಂತೆ. ಎಲ್ಲರೂ ಪಾಲಿಸಲಿಲ್ಲ, ಈ ಹಳ್ಳಿಯವರು ಪಾಲಿಸಿದರು. ಅದಕ್ಕೇ ಬಳ್ಳಿ ಎಂದರೆ ಅವರ ದೇವರು, ದ್ರಾಕ್ಷಿ ಎಂದರೆ ಅವನ ರಕ್ತ, ನವಿಲಿನ ಮಾಂಸ ಕೊಳೆಯುವುದಿಲ್ಲ ಎಂದು ನಂಬಿದ್ದರಿಂದ ನವಿಲು ಎಂದರೆ ಸಾವಿಲ್ಲದ ಬದುಕು. ಸುಚೇತಾಳಿಗೆ ಇದನ್ನು ಎರಡು ಸಲ ಹೇಳಬೇಕಾಗಲಿಲ್ಲ. ತುಳಸಿಗೆ, ಅರಳಿಮರಕ್ಕೆ ಸುತ್ತು ಬಂದವಳಿಗೆ ಗಿಡಬಳ್ಳಿಯಲ್ಲಿ ದೇವರು ಅಡಗಿರುವುದು ಹೊಸ ಸುದ್ದಿಯೇನಲ್ಲ.

ಅವಳ ತಲೆಗೆ ಹತ್ತದೇ ಹೋದದ್ದು ಕೆಲಸದ ನಿಯಮ. ಕಲ್ಲು ಉದುರಿಹೋದ ಗುಳಿಗಳನ್ನು ಮಾತ್ರ ಅವಳು ತುಂಬಬೇಕು, ಇರುವ ಒಂದು ಕಲ್ಲನ್ನೂ ಮುಟ್ಟಬಾರದು. ತುಂಬಿದ್ದು ಆರು ಅಡಿ ದೂರದಿಂದ ಕಾಣಬಾರದು, ಆರು ಇಂಚಿನಿಂದ ಕಂಡುಬಿಡಬೇಕು. ಕಟ್ಟಿದ ಹಲ್ಲು 'ನಾನು ಕಟ್ಟಿದ ಹಲ್ಲು' ಎಂದು ಕೂಗಿ ಹೇಳಬೇಕು ಎಂದಂತಾಯಿತು. ಹೌದು ಹೌದು ಎಂದು ತಲೆಯಾಡಿಸಿ ಬಂದಳು. ಕೈ ಮಾತ್ರ ಹನ್ನೊಂದು ವರ್ಷದ ಹಳೆಯ ದಾರಿಯಲ್ಲೇ ಹೋಗುತ್ತಿತ್ತು. ಅವಳು ತುಂಬಿದ ಕಲ್ಲುಗಳನ್ನು ಐಲೀನ್ ಎರಡು ಸಲ ಕೀಳಿಸಿ, ಒಂದು ಛಾಯೆ ತಿಳಿ ಮಾಡಿಸಿದರು.

ಸೆಪ್ಟೆಂಬರ್ ಕೊನೆಯಲ್ಲಿ ದಸರೆ ಬಂತು. ಆ ವರ್ಷ ಸುಚೇತಾಳ ಮನೆಯಲ್ಲಿ ಗೊಂಬೆ ಕೂರಿಸಲಿಲ್ಲ, ಕೂರಿಸುವವಳೇ ಊರಲ್ಲಿರಲಿಲ್ಲ. ಮೈಸೂರಿನಲ್ಲಿ ಅವಳ ಅಮ್ಮ ಗೊಂಬೆಗಳನ್ನು ಪೆಟ್ಟಿಗೆಯಿಂದ ತೆಗೆದ ಕೂಡಲೇ ಮೊದಲು ಕಣ್ಣು ನೋಡುತ್ತಿದ್ದರು. ಬಣ್ಣ ಅಳಿಸಿದ್ದರೆ ಕಡ್ಡಿಯ ತುದಿಯಲ್ಲಿ ಕಾಡಿಗೆ ಅದ್ದಿ ತಿದ್ದಿದ ಮೇಲೆಯೇ ಮೆಟ್ಟಿಲು ಹತ್ತಿಸುವುದು. ಕಣ್ಣಿಲ್ಲದ್ದನ್ನು ಮನೆಯೊಳಗೆ ಕೂರಿಸಬಾರದು, ಅಷ್ಟೇ. ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಅಂಥ ದಿನಗಳಲ್ಲೇ ಐದನೆಯ ತುಂಡಿನ ಗೌಜಲಕ್ಕಿ ಅವಳ ಮೇಜಿಗೆ ಬಂತು. ಕೊಕ್ಕು, ಕೊರಳಿನ ಪಟ್ಟಿ, ಕೆಂಪು ಕಾಲು ಎಲ್ಲ ಸೊಗಸಾಗಿತ್ತು. ಕಣ್ಣಿರಬೇಕಾದಲ್ಲಿ ಒಂದು ಬೋಳು ಕಲ್ಲು, ಹಿನ್ನೆಲೆಗೆ ಬಳಸಿದ ಅದೇ ಮಣ್ಣುಬಣ್ಣದ್ದು. ಯಾವನೋ ಅರೆಬರೆ ಕೆಲಸಗಾರ ತೇಪೆ ಹಾಕಿದ್ದಾನೆ ಎಂದುಕೊಂಡಳು. ನಾಲ್ಕು ದಿನ ಆ ಕುರುಡು ಹಕ್ಕಿಯ ಪಕ್ಕ ಕೂತು ಬಳ್ಳಿ ತುಂಬಿದಳು. ಐದನೆಯ ದಿನ, ವಿಜಯದಶಮಿಯಂದು, ತಡೆಯಲಾಗಲಿಲ್ಲ. ಚಿಮಟದಿಂದ ಆ ಕಲ್ಲನ್ನು ಎಬ್ಬಿಸಿ, ಕಪ್ಪು ಚೂರೊಂದನ್ನು ಕೂರಿಸಿ, ಅದರೊಳಗೆ ಎಳ್ಳಿನಷ್ಟು ಬಿಳುಪು ಇಟ್ಟಳು. ಹಕ್ಕಿ ಅವಳನ್ನು ನೋಡಿತು. ಮನಸ್ಸಿಗೆ ಹಬ್ಬ ಮಾಡಿದಷ್ಟು ಸಮಾಧಾನವಾಯಿತು. ತೆಗೆದ ಕಲ್ಲನ್ನು ಆ ತುಂಡಿನ ಉದುರುಚೂರುಗಳ ಚೀಲಕ್ಕೆ ಹಾಕಿ, ತುಂಡಿಗೆ ಪ್ಲಾಸ್ಟಿಕ್ ಹೊದಿಸಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದಳು. ಐಲೀನ್ ಆಗ ನಾಲ್ಕನೆಯ ತುಂಡಿನಲ್ಲಿ ಮುಳುಗಿದ್ದರು.

ಅಕ್ಟೋಬರ್ ಐದರ ಸೋಮವಾರ ಐಲೀನ್ ಕೆನ್ನೆ ಕೆಂಪು ಮಾಡಿಕೊಂಡು ಕೋಣೆಗೆ ಬಂದರು. ಕೈಯಲ್ಲಿ ಹಳೆಯ ಫೋಟೋದ ಪ್ರತಿ.

"ಶುಕ್ರವಾರ ಪ್ರೊಫೆಸರ್ ಒಬ್ಬರು ಬರ್ತಿದಾರೆ, ಐದನೇ ತುಂಡು ನೋಡೋಕೆ. ಈ ಗೌಜಲಕ್ಕಿಯ ಕಣ್ಣು ನೋಡಿ. ಇದು ದುರಸ್ತಿ ಅಂದ್ಕೊಂಡಿದ್ವಿ. ಅಲ್ಲ!"

ಆ ನೆಲ ಹಾಕಿ ಇನ್ನೂರು ವರ್ಷವಾದ ಮೇಲೆ, ದೇವರ ಮನೆಯಲ್ಲಿ ಜೀವ ಇರುವುದರ ಚಿತ್ರ ಇರಬಾರದು ಎಂಬ ಮಾತು ಆ ಸೀಮೆಯಲ್ಲೆಲ್ಲ ಎದ್ದಿತಂತೆ. ಎಷ್ಟೋ ಕಡೆ ಪ್ರಾಣಿಪಕ್ಷಿಗಳ ಮೈಯನ್ನೇ ಕಿತ್ತು ಚೆಲ್ಲಾಪಿಲ್ಲಿ ಮಾಡಿದರು. ಈ ಹಳ್ಳಿಯವರಿಗೆ ಹಕ್ಕಿಯ ಮೇಲೆ ಮನಸ್ಸಿತ್ತು. ಕಣ್ಣೊಂದನ್ನು ತೆಗೆದು, ಆ ಜಾಗಕ್ಕೆ ಬೋಳು ಕಲ್ಲು ಇಟ್ಟು, ಇನ್ನು ಇದಕ್ಕೆ ಜೀವವಿಲ್ಲ ಎಂದುಕೊಂಡು, ಅದೇ ನೆಲದ ಮೇಲೆ ಮೊಣಕಾಲೂರಿ ಪ್ರಾರ್ಥನೆ ಮುಂದುವರಿಸಿದರು.

"ಇಡೀ ನೆಲದಲ್ಲಿ ಆ ಒಂದು ಕಲ್ಲಿಗಿರೋ ಬೆಲೆ ಬೇರೆ ಯಾವುದಕ್ಕೂ ಇಲ್ಲ, ಸುಚೇತಾ" ಎಂದರು ಐಲೀನ್.

ಸುಚೇತಾ ಗೋಡೆಗೆ ಮುಖ ಮಾಡಿ ನಿಂತಿದ್ದ ಐದನೆಯ ತುಂಡಿನ ಕಡೆ ನೋಡಿದಳು. ಬಾಯಿಗೆ ಬಂದ ಮಾತನ್ನು ನುಂಗಿಕೊಂಡಳು. ತೊಂಬತ್ತು ದಿನಕ್ಕೆ ಇನ್ನು ಆರು ದಿನ ಉಳಿದಿತ್ತು.

ಐಲೀನ್ ಊಟಕ್ಕೆ ಹೋದ ಕೂಡಲೇ ಚೀಲವನ್ನು ಬಿಳಿ ತಟ್ಟೆಗೆ ಸುರಿದಳು. ಮುನ್ನೂರಕ್ಕೂ ಮಿಕ್ಕಿ ಚೂರುಗಳು. ಮಣ್ಣುಬಣ್ಣದವನ್ನು ಬೇರೆ ಮಾಡಿದಳು, ಅಳತೆ ಹೊಂದದವನ್ನು ತೆಗೆದಳು, ಗಾರೆಯ ಗುರುತು ನೋಡಿದಳು. ಸೋಮವಾರ, ಮಂಗಳವಾರ ಎರಡೂ ದಿನದ ಊಟದ ಹೊತ್ತು ಇದಕ್ಕೇ ಹೋಯಿತು. ಕೊನೆಗೆ ಮೂರು ಕಲ್ಲು ಉಳಿದವು. ನೀಲಿ ಬಟ್ಟೆ ಹಾಸಿ ಐದು ಸೆಕೆಂಡು ನೋಡಿದಳು, ಕಣ್ಣು ತೊಳೆದುಕೊಂಡು ಮತ್ತೆ ನೋಡಿದಳು. ಒಂದು ಸಲ ಎಡಗಡೆಯದು ಅನ್ನಿಸಿತು, ಇನ್ನೊಂದು ಸಲ ನಡುವಿನದು. ಅರ್ಧ ಊರಿನ ಹಲ್ಲನ್ನು ಕೂತಲ್ಲಿಂದಲೇ ಹೇಳುತ್ತಿದ್ದ ಕಣ್ಣು ಇಂದು ಕೈಕೊಟ್ಟಿತು. ಅವಳಿಗೆ ತನ್ನ ಮೇಲೆಯೇ ಕೆಟ್ಟ ಕೋಪ ಬಂತು.

ಸಂಜೆ ಬೇಸ್‌ಮೆಂಟಿನಿಂದ ಮನೋಹರನಿಗೆ ಫೋನ್ ಮಾಡಿ ಎಲ್ಲ ಹೇಳಿದಳು.

"ಮೂರರಲ್ಲಿ ಒಂದು ಹಾಕ್ಬಿಡು ಸುಚಿ" ಎಂದ ಅವನು. "ಒಂದು ಚೂರು ಕಲ್ಲು. ಯಾರಿಗೆ ಗೊತ್ತಾಗುತ್ತೆ?"

"ಯಾರಿಗೂ ಗೊತ್ತಾಗಲ್ಲ ರೀ. ಅದೇ ನನ್ನ ಭಯ."

"ಭಯ ಪಡೋ ಟೈಮಾ ಇದು? ನಾನು ನಲವತ್ತು ಕಡೆ ಅಪ್ಲೈ ಮಾಡಿದೀನಿ, ಒಬ್ಬನೂ ಫೋನ್ ಮಾಡಿಲ್ಲ. ಇವಳ ಇನ್ಸುಲಿನ್ ಈ ತಿಂಗಳಿಗೆ ಮಾತ್ರ ಇದೆ. ಸೋಮವಾರ ಆಗೋವರೆಗೂ ಬಾಯಿ ಮುಚ್ಕೊಂಡಿರು, ನಿನ್ನ ದಮ್ಮಯ್ಯ."

ಅವನ ಮಾತು ತಪ್ಪೆಂದು ಅವಳಿಗೆ ಅನ್ನಿಸಲಿಲ್ಲ. ಬುಧವಾರ ಐಲೀನ್ ಮೀಟಿಂಗಿಗೆ ಹೋದ ಎರಡು ಗಂಟೆಯಲ್ಲಿ ಅವಳು ಹಕ್ಕಿಯ ಕಪ್ಪು ಕಣ್ಣನ್ನು ಕಿತ್ತಳು. ಮೂರರಲ್ಲಿ ನಡುವಿನ ಕಲ್ಲನ್ನು ಆರಿಸಿಕೊಂಡಳು. ಸುಣ್ಣದ ಗಾರೆಗೆ ಚೀಲದ ತಳದ ಹಳೆಯ ಧೂಳು ಬೆರೆಸಿದಳು, ತಣ್ಣಗಿನ ಟೀ ಡಿಕಾಕ್ಷನ್ ಒಂದು ಹನಿ ಬಿಟ್ಟಳು, ಕಲ್ಲು ಕೂರಿಸಿ ಅಂಚನ್ನು ಬೆರಳ ತುದಿಯಿಂದ ಒತ್ತಿದಳು. ಭೂತಗನ್ನಡಿ ಹಿಡಿದು ನೋಡಿದರೆ ಅವಳಿಗೇ ಗುರುತು ಸಿಗಲಿಲ್ಲ. ಅಷ್ಟು ಒಳ್ಳೆಯ ಕೆಲಸವನ್ನು ಅವಳು ಹಿಂದೆಂದೂ ಮಾಡಿರಲಿಲ್ಲ.

ಗುರುವಾರ ಐಲೀನ್ ಐದನೆಯ ತುಂಡಿನ ಪ್ಲಾಸ್ಟಿಕ್ ಸರಿಸಿದರು. ಸುಚೇತಾ ಬೆನ್ನು ತಿರುಗಿಸಿ ಬ್ರಷ್ ತೊಳೆಯುತ್ತ ನಿಂತಳು. ಐದು ನಿಮಿಷವಾಯಿತು, ಹತ್ತು ನಿಮಿಷವಾಯಿತು, ಆ ಕಡೆಯಿಂದ ಸದ್ದಿಲ್ಲ. ಸಿಕ್ಕಿಬಿದ್ದೆ ಎಂದುಕೊಂಡು ತಿರುಗಿದರೆ, ಐಲೀನ್ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು.

"ಇಲ್ಲಿ ಬನ್ನಿ. ಈ ಅಂಚು ನೋಡಿ, ಬೆರಳಿಂದ ಒತ್ತಿದಾರೆ. ಎಷ್ಟು ಹಗುರವಾಗಿ ಒತ್ತಿದಾರೆ! ಹಕ್ಕಿಗೆ ನೋವಾಗಬಾರದು ಅನ್ನೋ ಹಾಗೆ. ಮೂವತ್ತು ವರ್ಷದಿಂದ ಈ ಕೆಲಸದಲ್ಲಿದೀನಿ, ಇಂಥದ್ದು ನೋಡಿರಲಿಲ್ಲ."

ಸುಚೇತಾ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಇಷ್ಟು ವರ್ಷ ಅವಳು ಮೋಸ ಮಾಡಿದ್ದು ಎದುರಿಗೆ ನಿಂತು ನೋಡುವವನಿಗೆ. ಬಾಯಿ ತೆರೆದು ಕೂತವನಿಗೆ ನಿಜ ಗೊತ್ತೇ ಇರುತ್ತಿತ್ತು, ಅವನೇ ದುಡ್ಡು ಕೊಟ್ಟು ಮಾಡಿಸಿಕೊಳ್ಳುತ್ತಿದ್ದ. ಇಲ್ಲಿ ನಿಜ ಗೊತ್ತಿದ್ದವಳು ತಾನೊಬ್ಬಳೇ. ಅಂದು ರಾತ್ರಿ ಸರಳಾ ಆಂಟಿ ಬಡಿಸಿದ ಬಿಸಿಬೇಳೆಬಾತನ್ನು ಅವಳು ತಟ್ಟೆಯಲ್ಲೇ ಬಿಟ್ಟು ಎದ್ದಳು. "ಯಾಕೇ, ಹುಷಾರಿಲ್ವಾ?" ಎಂದು ಆಂಟಿ ಕೇಳಿದ್ದಕ್ಕೆ ತಲೆನೋವು ಎಂದಳು.

ಶುಕ್ರವಾರ ಹತ್ತು ಗಂಟೆಗೆ ಪ್ರೊಫೆಸರು ಬಂದರು. ಉದ್ದನೆಯ ಸಣಕಲು ಮನುಷ್ಯ, ನೆಲದ ಮುಂದೆ ಪುಟ್ಟ ಮಗುವಿನಂತೆ ಅಂಗಾತ ಮಲಗಿದರು, ಬೋರಲಾದರು, ಮತ್ತೆ ಎದ್ದರು. ಹಕ್ಕಿಯ ಕಣ್ಣಿನ ಬಳಿ ಬಂದಾಗ ಅವರ ಉಸಿರೇ ನಿಧಾನವಾಯಿತು. ಇದನ್ನು ಪುಸ್ತಕದಲ್ಲಿ ಹಾಕುತ್ತೇನೆ, ಫೋಟೋ ಬೇಕು ಎಂದರು. ಅಳತೆ ತಿಳಿಯಲು ಸಣ್ಣ ಸ್ಕೇಲೊಂದನ್ನು ಕಣ್ಣಿನ ಪಕ್ಕದಲ್ಲಿ ಹಿಡಿಯಬೇಕಾಗಿತ್ತು.

"ಸುಚೇತಾ ಹಿಡೀತಾರೆ" ಎಂದರು ಐಲೀನ್. "ಅವರ ಕೈ ಅಲುಗಲ್ಲ."

ಅವಳು ಮೊಣಕಾಲೂರಿ ಸ್ಕೇಲು ಹಿಡಿದಳು. ಕೈ ನಿಜವಾಗಿಯೂ ಅಲುಗಲಿಲ್ಲ. ಅದನ್ನು ಕಂಡೇ ಅವಳಿಗೆ ಭಯವಾಯಿತು. ಕ್ಯಾಮೆರಾ ಒಂದು ಸಲ ಕ್ಲಿಕ್ಕೆಂದಿತು. ಪ್ರೊಫೆಸರು ಬೆಳಕು ಸರಿಮಾಡಿಕೊಂಡು ಮತ್ತೆ ಬಾಗಿದರು. ಮೈತ್ರೇಯಿಯ ಮುಖ ಕಣ್ಣ ಮುಂದೆ ಬಂತು, ಇನ್ನೆರಡು ದಿನ ಎಂಬ ಲೆಕ್ಕ ಬಂತು, ಗಂಡ ದಮ್ಮಯ್ಯ ಅಂದದ್ದು ಕಿವಿಯಲ್ಲಿತ್ತು. ಅಷ್ಟೆಲ್ಲ ಇದ್ದೂ ಅವಳ ಬಾಯಿ ತೆರೆಯಿತು.

"ಫೋಟೋ ತೆಗೀಬೇಡಿ. ಆ ಕಲ್ಲು ಇಟ್ಟಿದ್ದು ನಾನು. ಬುಧವಾರ."

ಪ್ರೊಫೆಸರು ನಕ್ಕರು, ತಮಾಷೆ ಎಂದುಕೊಂಡು. ಐಲೀನ್ ನಗಲಿಲ್ಲ. ಸುಚೇತಾ ಎದ್ದು ನಿಂತು, ವಿಜಯದಶಮಿಯಿಂದ ಹಿಡಿದು ಟೀ ಡಿಕಾಕ್ಷನ್‌ವರೆಗೆ ಒಂದೂ ಬಿಡದೆ ಹೇಳಿದಳು.

"ಮೂರರಲ್ಲಿ ನಿಜವಾದದ್ದು ಯಾವುದು?" ಎಂದು ಐಲೀನ್ ಕೇಳಿದರು.

"ಗೊತ್ತಿಲ್ಲ. ಅದನ್ನ ಹೇಳೋಕೆ ನನ್ನ ಕೈಲಾಗ್ತಿಲ್ಲ."

ಐಲೀನ್ ಆ ದಿನವಿಡೀ ಅವಳ ಮುಖ ನೋಡಲಿಲ್ಲ. ಸಂಜೆ ಕರೆದು ಕೂರಿಸಿ, ಒಣಗಿದ ದನಿಯಲ್ಲಿ ತೀರ್ಮಾನ ಹೇಳಿದರು. ಮೂರು ಕಲ್ಲುಗಳನ್ನೂ ಒಂದೇ ಡಬ್ಬಿಯಲ್ಲಿಟ್ಟು, ನಡೆದದ್ದನ್ನು ಸುಚೇತಾಳ ಹೆಸರಿನ ಸಮೇತ ವರದಿಯಲ್ಲಿ ಬರೆಯುವುದು. ಕಣ್ಣಿನ ಗುಳಿಯನ್ನು ಖಾಲಿ ಬಿಡುವುದು. ಕೆಲಸದಿಂದ ತೆಗೆಯುವುದಿಲ್ಲ, ತಾನಾಗಿ ಹೇಳಿದ್ದಕ್ಕೆ. ಕಾಯಂ ಮಾಡಲೂ ಆಗುವುದಿಲ್ಲ; ಸೋಮವಾರದಿಂದ ಹೊಸದಾಗಿ ಇನ್ನೊಂದು ತೊಂಬತ್ತು ದಿನ. ಸುಚೇತಾ ಥ್ಯಾಂಕ್ಸ್ ಹೇಳಿ ಹೊರಗೆ ಬಂದು ಕಾರಿನಲ್ಲಿ ಕೂತು ಅತ್ತಳು. ಜನವರಿಯವರೆಗೆ ಇನ್ಶೂರೆನ್ಸ್ ಇಲ್ಲ.

ಶನಿವಾರ ಮಧ್ಯಾಹ್ನ ನೋವೈ ಮನೆಯ ಊಟದ ಮೇಜಿನ ಮುಂದೆ, ಕಾರಿನ ಕೀ ಕೈಯಲ್ಲಿ ಹಿಡಿದೇ, ನಡೆದದ್ದನ್ನು ಹೇಳಿದಳು. ಮೈತ್ರೇಯಿಯನ್ನು ಒಳಗೆ ಹೋಗು ಎನ್ನಲಿಲ್ಲ. ಮನೋಹರ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ.

"ಎರಡು ದಿನ! ಎರಡು ದಿನ ಸುಮ್ನಿದ್ದಿದ್ರೆ ಆಗಿತ್ತಲ್ಲೇ! ಆ ಹಕ್ಕಿ ಮುಖ್ಯ ಆಯ್ತಾ ನಿನಗೆ, ಇವಳಿಗಿಂತ?"

ಸುಚೇತಾ ಕೀಯನ್ನು ಮೇಜಿನ ಮೇಲಿಟ್ಟಳು. ಮೈತ್ರೇಯಿ ಅಪ್ಪನನ್ನೂ ಅಮ್ಮನನ್ನೂ ಒಂದೊಂದು ಸಲ ನೋಡಿದಳು, ಮೆಟ್ಟಿಲು ಹತ್ತಿ ಹೋದಳು, ಒಂದು ಪುಸ್ತಕ ಹಿಡಿದು ಕೆಳಗೆ ಬಂದಳು. ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚಿ, ಹನಿಯನ್ನು ದುಬಾರಿ ಟೆಸ್ಟ್ ಸ್ಟ್ರಿಪ್ಪಿಗೆ ತಾಗಿಸಿ, ರಕ್ತದ ಸಕ್ಕರೆ ನೋಡಿ ಬರೆದಿಡಬೇಕೆಂದು ಡಾಕ್ಟರು ಕೊಟ್ಟಿದ್ದ ಪುಸ್ತಕ. ಶನಿವಾರ ಶನಿವಾರ ಅದನ್ನು ನೋಡಿ ಸಮಾಧಾನಪಟ್ಟು ಸಹಿ ಹಾಕುವವಳು ಸುಚೇತಾಳೇ.

"ಅಮ್ಮ, ದೀಸ್ ಆರ್ ನಾಟ್ ರಿಯಲ್" ಎಂದಳು ಹುಡುಗಿ. "ಐ ಮೇಡ್ ದೆಮ್ ಅಪ್. ಸ್ಟ್ರಿಪ್ಸ್ ಉಳೀಲಿ ಅಂತ."

"ಯಾವಾಗಿಂದ?"

"ಆಗಸ್ಟ್."

ಸುಚೇತಾ ಪುಟ ತಿರುವಿದಳು. ನೂರ ಹದಿನೆಂಟು, ನೂರ ಮೂವತ್ತನಾಲ್ಕು, ತೊಂಬತ್ತಾರು, ನೂರ ಇಪ್ಪತ್ತೇಳು. ಅಲ್ಲೊಂದು ಇಲ್ಲೊಂದು ಮಿತಿ ಮೀರಿದ ನೂರ ತೊಂಬತ್ತು, ಪಕ್ಕದಲ್ಲಿ 'ಫ್ರೆಂಡ್ ಬರ್ತ್‌ಡೇ ಕೇಕ್' ಎಂಬ ಟಿಪ್ಪಣಿ. ಬೇರೆ ಬೇರೆ ಪೆನ್ನಿನಲ್ಲಿ, ಒಂದೆರಡು ಕಡೆ ಅವಸರದ ಬರಹದಲ್ಲಿ. ಒಂದು ಅಂಕಿಯ ಮೇಲೂ ಅನುಮಾನ ಬರುವಂತಿರಲಿಲ್ಲ. ಎಷ್ಟು ಚೆನ್ನಾಗಿ ಮಾಡಿದ್ದಾಳೆ ಎಂದು ಅವಳಿಗೆ ಅನ್ನಿಸಿತು. ಪ್ರತಿ ಪುಟದ ಕೆಳಗೆ ಅವಳದೇ ಸಹಿ ಇತ್ತು. ಮನೋಹರ್ ಗೋಡೆಗೆ ಒರಗಿ ನಿಂತಿದ್ದ. ಅವನ ಕೋಪ ಎಲ್ಲಿಗೋ ಇಳಿದುಹೋಗಿತ್ತು.

"ಸ್ಟ್ರಿಪ್ಸ್ ತಗೊಂಡು ಬನ್ರೀ" ಎಂದಳು ಸುಚೇತಾ.

ಅವನು ಡಬ್ಬಿಯನ್ನೂ ಮೀಟರನ್ನೂ ತಂದಿಟ್ಟ. ಅವಳು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬೆರಳು ಒರೆಸಿ, ತಾನೇ ಚುಚ್ಚಿದಳು. ಸ್ಟ್ರಿಪ್ಪು ರಕ್ತದ ಹನಿಯನ್ನು ಹೀರಿಕೊಂಡಿತು. ಮೀಟರು ಐದರಿಂದ ಒಂದರವರೆಗೆ ಇಳಿಎಣಿಕೆ ಮಾಡುವಷ್ಟು ಹೊತ್ತು ಮೂವರೂ ಅದನ್ನೇ ನೋಡಿದರು. ಸುಚೇತಾ ಪೆನ್ನು ತೆಗೆದುಕೊಂಡು, ಆ ದಿನದ ಸಾಲಿನಲ್ಲಿ ಮುನ್ನೂರ ಹನ್ನೆರಡು ಎಂದು ಬರೆದಳು.